ಕೊಲಂಬಿಯಾ ಹೋಟೆಲಿನಲ್ಲಿ ಅಜ್ಜನ ಮೌನಭೋಜನ

ಮರ್ಯಾದಸ್ಥರು ಹೋಟೆಲಿಗೆ ಹೋಗುತ್ತಾರೆ, ತಿನ್ನುತ್ತಾರೆ, ಬರುತ್ತಾರೆ. ನಾವು ಹೋದರೆ ಮಾತ್ರ ಅಡುಗೆಮನೆಯವರೆಲ್ಲ ಹೊರಗೆ ಬಂದು ನಿಂತು ನೋಡುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಇದೆಲ್ಲ ನನ್ನ ಕಿತಾಪತಿ ಅನ್ನುತ್ತಾಳೆ ಅಮ್ಮ. ಅರ್ಧ ಒಪ್ಪಿದೆ. ಉಳಿದರ್ಧ ಉಡುಪಿಯಿಂದ ಬಂದಿರುವ ಅಜ್ಜನದು. ಒಮ್ಮೆಯಂತೂ ಅಪ್ಪನ ನೌಕರಿಯೇ ಅಜ್ಜನ ಎಲೆಯ ಮೇಲೆ ಬಂದು ಕೂತಿತ್ತು.

ಹೋಟೆಲು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕೊಲಂಬಿಯಾದ ಊಟದ್ದು, ನಾನು ಹುಟ್ಟುವುದಕ್ಕೂ ಮೊದಲಿನದು. ಅದರ ಒಡತಿಯನ್ನು ನಾವು ಹೋಟೆಲಜ್ಜಿ ಅನ್ನುತ್ತೇವೆ. ನಮಗೋಸ್ಕರ ಮಾಂಸ ಮುಟ್ಟದ ಬೇರೆ ಪಾತ್ರೆಯನ್ನೇ ಇಟ್ಟಿದ್ದಾಳೆ. ಸ್ಕೂಲಿನಲ್ಲಿ ನಾನು ಪಾಸಾಗುವುದು ಸ್ಪ್ಯಾನಿಷ್ ಒಂದರಲ್ಲೇ. ಹಾಗಾಗಿ ಅಲ್ಲಿ ದುಭಾಷಿ ನಾನೇ.

ಎಲೆ

ಮೊದಲ ದಿನ ಅಜ್ಜ ಕೈಕಟ್ಟಿ ಕೂತು ನನಗೆ ಹೇಳಿದರು: "ಹೋಟೆಲಿನ ಅನ್ನ ನಾನು ಮುಟ್ಟುವುದಿಲ್ಲ ಮಾಣಿ."

ಅಷ್ಟರಲ್ಲಿ ಪಕ್ಕದ ಟೇಬಲಿಗೆ ಟಮಾಲೆ ಬಂತು. ಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಕಡುಬು. ಅಜ್ಜನ ಕತ್ತು ಉದ್ದವಾಯಿತು.

"ಅದು ಎಂತದಾ? ಬಾಳೆಲೆಯಾ?"

"ಹೌದಜ್ಜ."

"ಹಾಗಾದರೆ ಇದು ಹೋಟೆಲಲ್ಲ, ಸಮಾರಂಭ. ನನಗೂ ಒಂದೆಲೆ ಹಾಕಲಿಕ್ಕೆ ಹೇಳು. ತುದಿ ಎಡಕ್ಕೆ ಇರಬೇಕು."

ಎಡಕ್ಕೇ ಯಾಕೆ ಅಂತ ಹೋಟೆಲಜ್ಜಿ ಕೇಳಿದಳು. ಬಲಕ್ಕಿಟ್ಟರೆ ತಿಂದವರ ಕೂದಲು ಉದುರುತ್ತದೆ ಅಂದೆ. ಮುಂದಿನ ವಾರ ಹೋಗಿ ನೋಡಿದರೆ ಇಡೀ ಹೋಟೆಲಿನಲ್ಲಿ ಎಲೆತುದಿ ಎಡಕ್ಕೆ, ಬೋಳುತಲೆಯ ಒಬ್ಬನದನ್ನು ಬಿಟ್ಟು. ಅವನಿಗೆ ಆಯ್ಕೆ ಕೊಟ್ಟಿದ್ದರಂತೆ.

ನೀರು

ಅಜ್ಜ ಮಂತ್ರ ಹೇಳಿ ಎಲೆಯ ಸುತ್ತ ನೀರು ಕಟ್ಟುತ್ತಾರೆ. ಕಟ್ಟಿದ ಮೇಲೆ ಊಟ ಮುಗಿಯುವ ತನಕ ಮಾತಿಲ್ಲ, ಮೌನ. ಬಡಿಸುವ ಹುಡುಗಿ ನೀರು ಚೆಲ್ಲಿತೆಂದು ಓಡಿಬಂದು ಒರೆಸಿದಳು. ಅಜ್ಜ ಮತ್ತೆ ಕಟ್ಟಿದರು. ಅವಳು ಮತ್ತೆ ಒರೆಸಿದಳು. ನೀರು ಹೋದ ಮೇಲೆ ಮೌನವೂ ಹೋಯಿತಲ್ಲ, ಅಜ್ಜ ಗುಡುಗಿದರು: "ಈ ಕೂಸು ನನ್ನ ಊಟ ಶುರುವಾಗಲಿಕ್ಕೇ ಬಿಡುವುದಿಲ್ಲವಲ್ಲಾ!"

ಅದು ದೆವ್ವ ಬಾರದ ಹಾಗೆ ಹಾಕುವ ಬೇಲಿ ಅಂತ ಹುಡುಗಿಗೆ ವಿವರಿಸಿದೆ. ಪಾಪ, ಒಳ್ಳೆಯವಳು. ಮುಂದಿನ ಸಲ ತಾನೇ ಜಗ್ಗು ತಂದು ಅಪ್ಪನ ಲ್ಯಾಪ್‌ಟಾಪಿನ ಸುತ್ತ ಬೇಲಿ ಹಾಕಿದಳು.

ಮ್ಯಾನೇಜರು

ಅದು ಕಂಪನಿಗಳು ಒಂದರ ಹಿಂದೊಂದು ಮುಚ್ಚುತ್ತಿದ್ದ ಕಾಲ. ರೆಡ್‌ವುಡ್ ಸಿಟಿಯಲ್ಲಿ ಅಪ್ಪನ ಟೀಮಿನ ಕತ್ತಿಗೂ ಕತ್ತಿ ಬಂದಿತ್ತು. ನೌಕರಿ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಂಟುಮೂಟೆ. ತೀರ್ಮಾನ ಮ್ಯಾನೇಜರ ಕೈಯಲ್ಲಿ. ಆತ ಹುಟ್ಟಿದ್ದು ಕೊಲಂಬಿಯಾದಲ್ಲಿ. ಅಪ್ಪ ಅವರನ್ನು ಇದೇ ಹೋಟೆಲಿಗೆ ಊಟಕ್ಕೆ ಕರೆದರು. "ನೀನು ಬಾಯಿ ಬಿಟ್ಟರೆ ಜೋಕೆ" ಎಂದು ನನಗೆ ಕಾರಿನಲ್ಲೇ ಹೇಳಿದ್ದರು.

ಮ್ಯಾನೇಜರು ಅಜ್ಜನನ್ನು ಕೇಳಿದರು: "ನಮ್ಮೂರ ಅಡುಗೆ ಹೇಗಿದೆ ಸರ್?"

ನೀರು ಕಟ್ಟಿಯಾಗಿತ್ತು. ಅಜ್ಜ ತುಟಿ ಬಿಚ್ಚಲಿಲ್ಲ. ಮ್ಯಾನೇಜರು ಬೆವರಿ ನನ್ನತ್ತ ತಿರುಗಿದರು: "ಕೋಪವಾ?"

"ಇಲ್ಲ ಸರ್. ಉಣ್ಣುವಾಗ ನಮ್ಮಜ್ಜನಿಗೆ ಮುಂದಾಗುವುದು ಕಾಣಿಸುತ್ತೆ. ಏನಾದರೂ ಕೇಳಿ, ಸನ್ನೆಯಲ್ಲೇ ಹೇಳ್ತಾರೆ."

ಅಪ್ಪ ಟೇಬಲಿನ ಕೆಳಗೆ ನನ್ನನ್ನು ಒದ್ದರು. ಏಟು ಮ್ಯಾನೇಜರಿಗೆ ಬಿತ್ತು. ಅಜ್ಜನೇ ಕಾಲಿನಿಂದ ಅಪ್ಪಣೆ ಕೊಟ್ಟರೆಂದುಕೊಂಡು ಆತ ಬಗ್ಗಿ ಪಿಸುಗುಟ್ಟಿದರು: "ಸರ್, ಈ ಟೀಮು ಮುಚ್ಚಿಬಿಡಲಾ?"

ಅದೇ ಹೊತ್ತಿಗೆ ಹೋಟೆಲಜ್ಜಿ ಮ್ಯಾನೇಜರ ಹಿಂದಿನಿಂದ ಬೀನ್ಸಿನ ಸೌಟು ಹಿಡಿದು ಬಂದಳು. ಎಲೆ ಖಾಲಿ ಕಂಡರೆ ಅವಳಿಗೆ ಸಂಕಟ. ಎಲೆಯಲ್ಲಿ ಅಗುಳು ಬಿಟ್ಟರೆ ಅಜ್ಜನಿಗೆ ಪಾಪ. ಅವಳು ಬಡಿಸಿ, ಇವರು ಮುಗಿಸಿ, ಹೊಟ್ಟೆ ಆಗಲೇ ಗಂಟಲಿಗೆ ಬಂದಿತ್ತು. ಮತ್ತೆ ಸೌಟು ಕಂಡದ್ದೇ ಅಜ್ಜ ಕಣ್ಣರಳಿಸಿ, ಬೇಡವೆಂದು ತಲೆಯನ್ನು ಜೋರಾಗಿ ಆಡಿಸಿ, ಎರಡೂ ಕೈ ಅಡ್ಡ ಹಿಡಿದರು. ಅವಳು ಬಿಡಲಿಲ್ಲ. ಕೊನೆಗೆ ಅಜ್ಜ, ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ ಎಲೆಯ ಮೇಲೆ ಮೈಚೆಲ್ಲಿಬಿಟ್ಟರು.

ಮ್ಯಾನೇಜರು ಬಿಳಿಚಿಕೊಂಡರು. "ಆಯ್ತು ಸರ್, ಮುಚ್ಚಲ್ಲ! ಖಂಡಿತ ಮುಚ್ಚಲ್ಲ!"

ಅಪ್ಪನ ಟೀಮು ಉಳಿಯಿತು. ಮುಂದಿನ ತಿಂಗಳು ಆತ ತನ್ನ ಬಾಸನ್ನೇ ಕರೆತಂದು ಅಜ್ಜನೆದುರು ಕೂರಿಸಿದರು. ತಾವು ಬೇರೆ ಕಂಪನಿಗಳನ್ನು ಕೊಳ್ಳಬಹುದೇ ಅಂತ ಬಾಸು ಕೈಮುಗಿದು ಕೇಳುವುದಕ್ಕೂ ಹೋಟೆಲಜ್ಜಿ ಅನ್ನದ ಪಾಯಸ ತರುವುದಕ್ಕೂ ಸರಿಹೋಯಿತು. ಪಾಯಸಕ್ಕೆ ಬೇಡ ಅಂದವರಲ್ಲ ನಮ್ಮಜ್ಜ. ನಕ್ಕು, ಅವಳಿಗೆ ಮೂರು ಬೆರಳು ತೋರಿಸಿದರು.

ಬಾಸು ಮೂರು ಕಂಪನಿ ಕೊಂಡರು. ಮೂರನ್ನೂ ಈಗ ಅಪ್ಪನೇ ನೋಡಿಕೊಳ್ಳಬೇಕು.