ಹಿರಿಯರ ಮನೆಯಲ್ಲಿ ಕಿರುಚಿದ ಯಂತ್ರ

ಆ ಮಾಪಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯದೆ ಇದ್ದಿದ್ದರೆ ದುಶಿಕ್‌ಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ತೆಗೆದ. ಅಂಗೈಯಗಲದ ಯಂತ್ರ. ವಿಕಿರಣ ಕಂಡರೆ ಕೂಗುವುದು, ಕಾಣದಿದ್ದರೆ ಸುಮ್ಮನಿರುವುದು, ಅಷ್ಟೇ ಅದರ ಕೆಲಸ. ಅದು ಸುಮ್ಮನಿರುವುದನ್ನು ಊರಿನವರಿಗೆ ತೋರಿಸಬೇಕೆಂದು ಅವನಿಗೆ ಆಸೆಯಾಯಿತು.

ಊರು ದೋಲ್‌ಗೇ, ಪೂರ್ವ ಕರಾವಳಿಯದು. ದುಶಿಕ್‌ನ ಕಂಪನಿ ಅಲ್ಲಿ ಒಂದು ಪುಟ್ಟ ಅಣುಸ್ಥಾವರ ಕೂರಿಸಬೇಕೆಂದಿತ್ತು. ಕಾರ್ಖಾನೆಯಲ್ಲೇ ಸಿದ್ಧಪಡಿಸಿ, ಭಾಗಭಾಗವಾಗಿ ಲಾರಿಯಲ್ಲಿ ತಂದು ಜೋಡಿಸುವಂಥದ್ದು. ಹೊಗೆಯಿಲ್ಲ, ಕಲ್ಲಿದ್ದಲಿಲ್ಲ. ಊರನ್ನು ಒಪ್ಪಿಸಲೆಂದು ಅವನನ್ನು ಕಳಿಸಿ ವರ್ಷವಾಗಿತ್ತು. ಈ ವರ್ಷದಲ್ಲಿ ಅವನು ಅಜ್ಜಿಯರ ಜೊತೆ ಕೂತು ಕಿಮ್ಚಿ ಉಪ್ಪಿನಕಾಯಿಗೆಂದು ಕೋಸಿಗೆ ಉಪ್ಪು ಹಚ್ಚಿದ್ದ, ಹಗ್ಗಕ್ಕೆ ಸ್ಕ್ವಿಡ್ ಮೀನು ಒಣಹಾಕಿದ್ದ, ಹೂವಿನ ಚಿತ್ರಗಳ ಇಸ್ಪೀಟು ಎಲೆಯಾಟದಲ್ಲಿ ದಿನಾ ಸೋತಿದ್ದ. ಡೇಜಾನ್ ನಗರದ ಮನೆಯಲ್ಲಿದ್ದ ಮಗಳು ನಡೆಯಲು ಕಲಿತದ್ದನ್ನು ಫೋನಿನಲ್ಲಿ ನೋಡಿದ್ದ. ಈಗ ಅವಳು ಫೋನನ್ನೇ ಅಪ್ಪ ಎನ್ನುತ್ತಿದ್ದಳು.

ಬೆಳಿಗ್ಗೆ ನಿರ್ದೇಶಕ ಬಾಂಗ್ ಕಾರಿನಿಂದಲೇ ಫೋನ್ ಮಾಡಿದ್ದರು. "ಇವತ್ತು ಊರು ಕೈ ಎತ್ತಿ ಒಪ್ಪಿದ್ರೆ ಸೋಮವಾರದಿಂದ ನೀನು ಡೇಜಾನ್ ಆಫೀಸಲ್ಲಿ. ಎತ್ತದಿದ್ರೆ ಇದೇ ಥರ ಇನ್ನೊಂದು ಊರು ನೋಡಿಟ್ಟಿದೀನಿ. ನಾನು ದಾರೀಲಿದೀನಿ, ಅಷ್ಟರಲ್ಲಿ ಜನಾನ ಬೆಚ್ಚಗೆ ಮಾಡಿಟ್ಟಿರು."

ಜನ ಬೆಚ್ಚಗೇ ಇದ್ದರು. ಊರ ಮುದುಕರೆಲ್ಲ ಸೇರುವ ಹಿರಿಯರ ಮನೆಯ ನೆಲ, ಅಡಿಯ ಬಿಸಿನೀರಿನ ಕೊಳವೆಗಳಿಂದ ಕಾದಿತ್ತು. ಅಜ್ಜಿಯರೆಲ್ಲ ನಡುವಿನ ದಪ್ಪ ಹಾಸಿನ ಮೇಲೆ, ಅಜ್ಜಂದಿರು ಗೋಡೆಗೊರಗಿ. ಊರ ಯಜಮಾನ ತಕ್ ಬಾಗಿಲ ಬಳಿ ಕೂತು ಒಣಮೀನು ಸೀಳುತ್ತಿದ್ದರು.

"ಎಲ್ಲ ಕೇಳಿ," ಎಂದ ದುಶಿಕ್, ಮಾಪಕ ಎತ್ತಿ ಹಿಡಿದು. "ಇದಕ್ಕೆ ಸುಳ್ಳು ಹೇಳೋಕೆ ಬರಲ್ಲ. ಈಗ ಎಷ್ಟು ಮೌನವಾಗಿರುತ್ತೋ, ನಮ್ಮ ಸ್ಥಾವರ ಬಂದ ಮೇಲೂ ಅಷ್ಟೇ ಮೌನ."

ಅಜ್ಜಿಯರ ಮಧ್ಯೆ ಮಂಡಿಯೂರಿ ಗುಂಡಿ ಒತ್ತಿದ. ಯಂತ್ರ ಬಾಲ ತುಳಿದ ಬೆಕ್ಕಿನಂತೆ ಕಿರುಚಿತು.

ತಕ್ ಬಾಯಿಗಿಟ್ಟ ಮೀನು ಅರ್ಧ ಒಳಗೆ, ಅರ್ಧ ಹೊರಗೆ. ದುಶಿಕ್ ಆರಿಸಿದ, ಹಚ್ಚಿದ. ಮತ್ತೆ ಕಿರುಚಾಟ.

"ನನ್ನ ಚಿನ್ನದ ಹಲ್ಲಿರಬಹುದೇನಪ್ಪಾ?" ಎಂದಳು ಗಿಲ್ನ್ಯೋ ಅಜ್ಜಿ, ಬಾಯಿಗೆ ಕೈ ಅಡ್ಡ ಇಟ್ಟು. ಎಂಬತ್ತೆಂಟು ದಾಟಿದ ಅವಳ ಮಾತಿಗೆ ಆ ಊರಲ್ಲಿ ಎರಡು ಮಾತಿರಲಿಲ್ಲ.

"ಹಲ್ಲಲ್ಲ ಅಜ್ಜಿ."

"ಹಂಗಾದ್ರೆ ತಕ್‌ನ ಸೊಂಟ. ಅವನಿಗೆ ಕಬ್ಬಿಣ ಹಾಕಿದಾರೆ."

"ಕಬ್ಬಿಣ ಅಲ್ಲ, ಅದೇನೋ ದುಬಾರಿ ಲೋಹ!" ಎಂದು ತಕ್ ರೇಗಿದರು.

ಆಗ ಮಲ್ಸುನ್ ಅಜ್ಜಿ ಮೆಲ್ಲಗೆ ಕೈ ಎತ್ತಿದಳು. "ನಿನ್ನೆ ಪಟ್ಟಣದ ಆಸ್ಪತ್ರೇಲಿ ನನ್ನ ಎದೆ ಫೋಟೋ ತೆಗೆದ್ರು. ಮೊದಲು ಎಂಥದೋ ಸೂಜಿ ಚುಚ್ಚಿ, ಎರಡು ದಿನ ಮಕ್ಕಳನ್ನ ಎತ್ಕೋಬೇಡಿ ಅಂದ್ರು."

ದುಶಿಕ್‌ಗೆ ಹೋದ ಜೀವ ಬಂತು. "ಅದೇ! ಆ ಸೂಜಿಮದ್ದಲ್ಲಿ ವಿಕಿರಣ ಇರುತ್ತೆ. ನಾಳೆ ಹೊತ್ತಿಗೆ ತಾನಾಗೇ ಇಳಿದುಹೋಗುತ್ತೆ. ಅಜ್ಜಿ, ದಯವಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಕೂರ್ತೀರಾ?"

"ಅರವತ್ತು ವರ್ಷ ಈ ಊರಿಗೆ ಮೀನು ಸಾರು ಬಡಿಸಿದೀನಿ. ಈಗ ನಾಯಿ ಜೊತೆ ಅಂಗಳದಲ್ಲಿ ಕೂರ್ಬೇಕಾ?" ಮಲ್ಸುನ್ ಅಜ್ಜಿ ಎದ್ದಳು, ತಟ್ಟೆಯಲ್ಲಿದ್ದ ಸೇಬುಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡಳು, ಹೊರಗೆ ನಡೆದಳು.

ಎಲ್ಲರೂ ನಕ್ಕರು. ದುಶಿಕ್ ನಗುತ್ತಲೇ ಗುಂಡಿ ಒತ್ತಿದ.

ಯಂತ್ರ ನಗಲಿಲ್ಲ. ಮೊದಲಿನಷ್ಟೇ ಜೋರಾಗಿ ಕಿರುಚಿತು.

"ನಾನಲ್ಲ ಅಂತ ಈಗಲಾದ್ರೂ ಗೊತ್ತಾಯ್ತಾ?" ಎಂದು ಅಂಗಳದಿಂದ ದನಿ ಬಂತು.

ಈ ಸಲ ನಿಜಕ್ಕೂ ಎಲ್ಲರ ಮುಖದಲ್ಲಿ ರಕ್ತ ಇಂಗಿತು. ತಕ್ ಮೀನನ್ನು ಕೆಳಗಿಟ್ಟರು. ದುಶಿಕ್‌ನನ್ನೇ ನೋಡಿದರು. ಆಮೇಲೆ ನೆಲ ನೋಡಿದರು.

"ಹೋದ ತಿಂಗಳು ಈ ನೆಲದ ಕೊಳವೆ ರಿಪೇರಿ ಮಾಡ್ಸಿದ್ದು ಯಾರು?"

"ನಮ್ಮ ಕಂಪನಿ," ಎಂದ ದುಶಿಕ್. "ಒಂದು ಸಹಾಯ ಅಂತ..."

"ಸಣ್ಣದು, ಸಣ್ಣದು ಅಂತ ವರ್ಷದಿಂದ ಬಡ್ಕೋತಿದೀಯ. ಲಾರೀಲಿ ಬರುತ್ತೆ ಅಂದೆ. ನೆಲದಡಿ ಕೂರುತ್ತೆ ಅಂದೆ." ತಕ್ ನೆಲಕ್ಕೆ ಕೈ ಬಡಿದರು. "ಆಗಲೇ ಹೂತುಬಿಟ್ಟಿದೀರೇನೋ, ನಮ್ಮ ಕುಂಡೆ ಕೆಳಗೆ!"

"ಅಯ್ಯೋ ಯಜಮಾನ್ರೇ, ಸಣ್ಣದು ಅಂದ್ರೆ ಅಷ್ಟು ಸಣ್ಣದಲ್ಲ! ಐದಂತಸ್ತಿನ ಕಟ್ಟಡದಷ್ಟು ಎತ್ತರ ಇದೆ!"

"ಇಷ್ಟು ದಿನ ಸಣ್ಣದು ಅಂದಿದ್ದು ಸುಳ್ಳಾ ಹಂಗಾದ್ರೆ?"

ತಕ್ ಹಾರೆ ತರಿಸಿ, ಮೂಲೆಯ ನೆಲಹಾಳೆ ಎಬ್ಬಿಸಿ, ಗಾರೆಗೆ ಮೊದಲ ಏಟು ಹಾಕಿದರು. ಕೊಳವೆಯ ಬಿಸಿನೀರು ಬುಸ್ಸೆಂದು ಚಿಮ್ಮಿತು. "ಸ್ಥಾವರ ಒಡೀತು!" ಎಂದು ಯಾರೋ ಕೂಗಿದರು. ಕಾದ ಕಾವಲಿಗೆ ಬಿದ್ದ ಏಡಿಗಳಂತೆ ಜನ ದಿಕ್ಕಾಪಾಲಾದರು. ಸರಿಯಾಗಿ ಆಗ ಬಾಗಿಲು ತೆರೆದು ನಿರ್ದೇಶಕ ಬಾಂಗ್ ಒಳಗೆ ಕಾಲಿಟ್ಟರು, ಮುಖದ ತುಂಬ ನಗು, ಕೈಯಲ್ಲಿ ಅಕ್ಕಿಕಡುಬಿನ ಪೊಟ್ಟಣ.

ನಗು ಹಾಗೇ ಉಳಿಯಿತು, ತೆಗೆಯಲು ಮರೆತವರಂತೆ.

ದುಶಿಕ್ ಓಡಿಹೋಗಿ ನೀರಿನ ತಿರುಪು ನಿಲ್ಲಿಸಿದ. ಮತ್ತೆ ಮಾಪಕ ಹಿಡಿದು, ತಲೆ ತಗ್ಗಿಸಿ ತೆವಳತೊಡಗಿದ. ಒಡೆದ ಮೂಲೆಯಲ್ಲಿ ಅದು ಸುಮ್ಮನಿತ್ತು. ಗೋಡೆಯ ಬಳಿ ಸುಮ್ಮನಿತ್ತು. ಒಲೆಯ ಬಳಿಯೂ ಸುಮ್ಮನಿತ್ತು. ಕೋಣೆಯ ನಡುವಿಗೆ ಬಂದಾಗ ಕಿರುಚಿತು. ಅಲ್ಲಿ ಓಡಲಾಗದೆ ಉಳಿದ ಗಿಲ್ನ್ಯೋ ಅಜ್ಜಿ ದಪ್ಪ ಹಾಸಿನ ಮೇಲೆ ಕಾಲು ಚಾಚಿ ಕೂತಿದ್ದಳು.

ಹಾಸಿನ ಅಂಚು ಎತ್ತಿ ಚೀಟಿ ಓದಿದ. 'ಆರೋಗ್ಯ ಹಾಸು. ಅಪರೂಪದ ಖನಿಜದ ಪುಡಿ ಬೆರೆಸಿದ್ದು. ಮೈಗೆ ಚೈತನ್ಯ ಹರಿಸುತ್ತದೆ.' ಇಂಥ ಪುಡಿಯಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದುಂಟೆಂದು ಅವನು ಕಾಲೇಜಿನಲ್ಲೇ ಓದಿದ್ದ. ಓದಿಯೂ, ಮೇ ತಿಂಗಳ ಹೆತ್ತವರ ದಿನದಂದು, ಅಂಗಡಿಯವಳ ಮಾತಿಗೆ ಮರುಳಾಗಿ ಈ ಹಾಸನ್ನು ಕೊಂಡು, ರಿಬ್ಬನ್ ಕಟ್ಟಿ ಅಜ್ಜಿಯರಿಗೆ ಉಡುಗೊರೆ ಕೊಟ್ಟವನು ಅವನೇ.

ಬಾಂಗ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿಯಲ್ಲಿ ಉಸುರಿದರು. "ಯಂತ್ರ ಕೆಟ್ಟಿದೆ ಅಂತ ಹೇಳು. ಹಾಸನ್ನ ಆಮೇಲೆ ನಾನು ಕಾರಲ್ಲಿ ಹಾಕ್ಕೊಂಡು ಹೋಗ್ತೀನಿ. ಸೋಮವಾರ ನೆನಪಿದೆ ತಾನೇ?"

ಅವನಿಗೆ ಸೋಮವಾರದ ಹೊರತು ಬೇರೇನೂ ನೆನಪಿರಲಿಲ್ಲ. ಬಾಯಿ ತೆರೆದ. ಗಿಲ್ನ್ಯೋ ಅಜ್ಜಿ ಮಂಡಿ ನೀವಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದಳು.

"ಈ ಹಾಸು," ಎಂದ. "ಇದರಲ್ಲೇ ಇದೆ. ಇದನ್ನ ತಂದುಕೊಟ್ಟಿದ್ದು ನಾನೇ. ಭಾರಿ ಅಪಾಯದಷ್ಟಿಲ್ಲ, ಆದ್ರೆ ದಿನಾ ಮಲಗೋವಂಥದ್ದೂ ಅಲ್ಲ. ನೋಡಿ ತರಬೇಕಿತ್ತು, ನೋಡ್ಲಿಲ್ಲ. ತಪ್ಪಾಯ್ತು." ಹಣೆ ನೆಲಕ್ಕೆ ತಾಗುವಂತೆ ಬಗ್ಗಿದ.

ನಿರ್ದೇಶಕ ಬಾಂಗ್ ಕಣ್ಣು ಮುಚ್ಚಿಕೊಂಡರು.

ಊರು ಬೆಚ್ಚಿ ನೋಡಿತು. ಸ್ಥಾವರ ಇನ್ನೂ ಕಾಗದದ ಮೇಲಿದ್ದಾಗಲೇ ಅವರೆಲ್ಲ ಆರು ತಿಂಗಳು ವಿಕಿರಣದ ಮೇಲೆ ಕೂತು ಎಲೆಯಾಟ ಆಡಿದ್ದರು.

"ಇದರ ಮೇಲೆ ಮಲಗಿದ ಮೇಲೆ ನನ್ನ ಮಂಡಿ ನೋವು ಹೋಯ್ತು," ಎಂದಳು ಗಿಲ್ನ್ಯೋ ಅಜ್ಜಿ. "ಕೊಡಲ್ಲ."

"ಅಜ್ಜಿ, ನೋವು ಹೋಗಿದ್ದು ಕೆಳಗಿನ ಬಿಸಿ ನೆಲದಿಂದ!"

"ಹಾಸು ಕೊಡೋವಾಗ ನೀನು ಹಿಂಗಂದಿರಲಿಲ್ಲ."

ತಕ್ ಹಾರೆ ಕೆಳಗಿಟ್ಟು ಅಜ್ಜಂದಿರ ಜೊತೆ ಪಿಸುಗುಟ್ಟಿದರು. ಪಿಸುಮಾತು ಅಜ್ಜಿಯರಿಗೆ ಹರಿಯಿತು, ಬೀದಿಗೆ ಓಡಿದ್ದವರು ಒಬ್ಬೊಬ್ಬರಾಗಿ ಒಳಬಂದರು, ಅಂಗಳದಿಂದ ಮಲ್ಸುನ್ ಅಜ್ಜಿಯೂ ಕಿಟಕಿಗೆ ಮುಖವಿಟ್ಟು ಪಾಲ್ಗೊಂಡಳು. ದುಶಿಕ್ ಬಗ್ಗಿದವನು ಬಗ್ಗಿಯೇ ಇದ್ದ. ಏಳಲು ಯಾರೂ ಹೇಳಿರಲಿಲ್ಲ.

"ಕೈ ಎತ್ತಿ," ಎಂದರು ತಕ್.

ದುಶಿಕ್ ತಲೆ ಎತ್ತಿದ. ಎಲ್ಲ ಕೈಗಳೂ ಮೇಲಿದ್ದವು. ಕಿಟಕಿಯಲ್ಲೂ ಒಂದು ಕೈ, ಅದರಲ್ಲಿ ಕಚ್ಚಿದ ಸೇಬು.

"ಸ್ಥಾವರ ತನ್ನಿ," ಎಂದರು ತಕ್. "ಒಪ್ಪಿಗೆ."

ದುಶಿಕ್‌ನ ಕಣ್ಣು ತುಂಬಿತು. ಬಾಂಗ್ ಅವನ ಬೆನ್ನು ತಟ್ಟಿದ ಸದ್ದು ಮಗ್ಗುಲ ಊರಿಗೂ ಕೇಳಿರಬೇಕು.

"ಆದ್ರೆ ಒಂದು ಮಾತು ನಿರ್ದೇಶಕರೇ," ಎಂದರು ತಕ್. "ಸೂಟು ಹಾಕ್ಕೊಂಡು ನಿಮ್ಮವರು ಎಷ್ಟೋ ಜನ ಬಂದ್ರು, ಹೋದ್ರು. ಏನು ಕೇಳಿದ್ರೂ ಸುರಕ್ಷಿತ, ಸುರಕ್ಷಿತ ಅಂದ್ರು. ತಪ್ಪು ನಂದು ಅಂದವನು ಇವನೊಬ್ಬನೇ. ನಾಳೆ ಅಲ್ಲಿ ಏನಾದ್ರೂ ಕೆಟ್ರೆ ನಮಗೆ ನಿಜ ಹೇಳೋಕೆ ಒಬ್ಬ ಬೇಕಲ್ಲ?"

"ಹಾಸು ನೀವು ತಗೊಂಡು ಹೋಗಿ," ಎಂದು ಗಿಲ್ನ್ಯೋ ಅಜ್ಜಿ ಕಷ್ಟಪಟ್ಟು ಎದ್ದಳು. "ಬದಲಿಗೆ ಹುಡುಗನ್ನ ಬಿಟ್ಟು ಹೋಗಿ. ಆ ಸ್ಥಾವರ ಉರಿಯೋವಷ್ಟು ಕಾಲವೂ ಇವನು ಇಲ್ಲೇ ಇರ್ಬೇಕು. ಇಲ್ಲಾಂದ್ರೆ ಕೈ ಇಳಿಸ್ತೀವಿ."

"ಅಯ್ಯೋ, ಕೈ ಇಳಿಸ್ಬೇಡಿ!" ಎಂದರು ಬಾಂಗ್, ಅಜ್ಜಿ ಮಾತು ಮುಗಿಸುವ ಮೊದಲೇ. "ಇವತ್ತಿಂದ ಇವನು ನಿಮ್ಮವನು!"

"ಅದು ಎಷ್ಟು ವರ್ಷ ಉರಿಯುತ್ತೆ?" ಎಂದು ಕಿಟಕಿ ಕೇಳಿತು.

"ಅರವತ್ತು ವರ್ಷ!" ಎಂದರು ಬಾಂಗ್ ಎದೆಯುಬ್ಬಿಸಿ. "ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಇಪ್ಪತ್ತು ಗ್ಯಾರಂಟಿ!"

ಮನೆ ತುಂಬ ಚಪ್ಪಾಳೆ. ಮೂವತ್ತನಾಲ್ಕು ವರ್ಷದ ದುಶಿಕ್ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಗಿಲ್ನ್ಯೋ ಅಜ್ಜಿಗೆ ಕರುಳು ಚುರುಕ್ಕೆಂದಿತು. ಹತ್ತಿರ ಬಂದು ಅವನ ಕೆನ್ನೆ ಸವರಿದಳು.

"ಹೆದರ್ಬೇಡ ಮಗಾ," ಎಂದಳು. "ಅಷ್ಟೂ ವರ್ಷ ನಾವೆಲ್ಲ ಇಲ್ಲೇ ಇರ್ತೀವಲ್ಲ."