ತಲೆಯಾಡಿಸಿದ ತಪ್ಪಿಗೆ

ಮಾಸ್ಕಿನ ಮೇಲೆ ನನಗೆ ಯಾವ ಹಳೇ ದ್ವೇಷವೂ ಇಲ್ಲ. ಆದರೆ ಅದನ್ನು ಹಾಕಿಕೊಂಡ ಕೂಡಲೇ ಜನ ಮಾತಾಡುವುದು ಬಿಟ್ಟು ಗೊಣಗಲು ಶುರುಮಾಡುತ್ತಾರಲ್ಲ, ಇದು ಯಾವ ನ್ಯಾಯ?

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ನಾದಿನಿಗೆ ಹೋದ ವರ್ಷ ಬೇರೆಯವರ ಮೂತ್ರಪಿಂಡ ಜೋಡಿಸಿದರು. ಹೊಸಬನ ಜೊತೆ ಜಗಳ ಕಾಯದಿರಲಿ ಎಂದು ಅವಳ ದೇಹದ ಕಾವಲುಪಡೆಯನ್ನು ಮಾತ್ರೆ ಕೊಟ್ಟು ಮಲಗಿಸಿದ್ದಾರೆ. ನಮಗೆ ಬರೀ ನೆಗಡಿಯಾದದ್ದು ಅವಳಿಗೆ ಆಸ್ಪತ್ರೆಯ ದಾರಿ. ಹಾಗಾಗಿ ಪಾಪ, ಅಂದಿನಿಂದ ಯಾರ ಮನೆಯ ಹೊಸ್ತಿಲೂ ತುಳಿದಿರಲಿಲ್ಲ. ಮೊದಲ ಸಲ ನಮ್ಮಲ್ಲಿಗೆ ಬರುವವಳಿದ್ದಳು.

"ಮನೆಯೊಳಗೆ ಎಲ್ಲರಿಗೂ ಮಾಸ್ಕು. ಊಟ ಹಿತ್ತಲಲ್ಲಿ, ದೂರ ದೂರ ಕೂತು," ಎಂದು ಹೆಂಡತಿ ರಾಜಾಜ್ಞೆ ಹೊರಡಿಸಿದಳು.

"ನಾನೇ ಹೊಲಿದು ಕೊಡ್ತೀನಿ ಬಿಡೆ."

"ನೀವು ಹೊಲಿದದ್ದರೊಳಗೆ ಗುಬ್ಬಚ್ಚಿ ಸಂಸಾರ ಹೂಡುತ್ತೆ. ಡಾಕ್ಟರು ಹೇಳಿದ್ದನ್ನೇ ತಂದಿದ್ದೀನಿ, ತೆಪ್ಪಗೆ ಹಾಕ್ಕೊಳ್ಳಿ."

ಹಾಕಿಕೊಂಡೆ. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಹೆಂಡತಿ, ಅತ್ತೆ, ಆಗಷ್ಟೇ ಬಂದ ನಾದಿನಿ ಕೂತರು. ನನಗೆ ಕಂಡದ್ದು ಮೂರು ಜೊತೆ ಕಣ್ಣು, ಕೇಳಿದ್ದು ಬರೀ ಗುಂಯ್ ಗುಂಯ್. ಕಣ್ಣು ಕಿರಿದಾದರೆ ನಗು ಎಂದು ಲೆಕ್ಕ ಹಾಕಿ ನಾನೂ ಗಹಗಹಿಸಿದೆ. (ಅತ್ತೆ ತೀರಿಹೋದ ಪಕ್ಕದ ಮನೆಯಾಕೆಯ ವಿಷಯ ಹೇಳುತ್ತಿದ್ದರಂತೆ.) ಹೆಂಡತಿ ಚಿವುಟಿದಳು. ಯಾಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ನಾದಿನಿ ನನ್ನತ್ತ ತಿರುಗಿ ಏನೋ ಕೇಳಿದಳು. ಅರ್ಥವಾಗದ ಪ್ರಶ್ನೆಗೆ ಗಂಡನಾದವನಿಗೆ ಶಾಸ್ತ್ರ ವಿಧಿಸಿರುವುದು ಒಂದೇ ಉತ್ತರ. ಹೌದೆಂದು ಜೋರಾಗಿ ತಲೆಯಾಡಿಸಿದೆ. ಅವಳು ಮತ್ತೊಮ್ಮೆ ಕೇಳಿದಳು. ಇನ್ನೂ ಪ್ರೀತಿಯಿಂದ ತಲೆಯಾಡಿಸಿದೆ.

ಅವಳು ಕೇಳಿದ್ದೇನೆಂದು ಆಮೇಲೆ ತಿಳಿಯಿತು: "ಭಾವ, ನಾನು ಬಂದು ನಿಮಗೆಲ್ಲ ಕಷ್ಟ ಆಯ್ತಾ? ಹೊರಟುಬಿಡಲಾ?"

ಅವಳ ಕಣ್ಣು ತುಂಬಿತು. ಚೀಲ ಎತ್ತಿಕೊಂಡು, ಅಂಗಡಿಯ ಗಾಜಿನ ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಅತ್ತೆ ಎದೆ ಹಿಡಿದುಕೊಂಡರು. ಹೆಂಡತಿ ಕೈ ಬೀಸಿ ಬೀಸಿ ಏನೇನೋ ಅಂದಳು. ಬೈಗುಳ ಎಂಬುದಷ್ಟೇ ಗೊತ್ತಾಯಿತು. ನಾನು ಮಾಡಿದ ಘೋರಾಪರಾಧ ಯಾವುದೆಂದು ದೇವರಾಣೆ ತಿಳಿಯಲಿಲ್ಲ.

ಹೊರಗೆ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿದ್ದವು. ನಾದಿನಿ ಗಾಜಿನಾಚೆ ನಿಂತು ಮಾಸ್ಕು ಕೆಳಗೆ ಸರಿಸಿ ಮೂಗು ಒರೆಸಿಕೊಂಡಳು. ನನ್ನನ್ನು ಕಂಡು, "ಭಾವ, ನಾನು ಬಂದಿದ್ದು ನಿಮಗೆ ಇಷ್ಟ ಇಲ್ವಾ?" ಎಂದಳು.

ಆಹಾ, ಮಾಸ್ಕು ಹಾಕಿದ ಮೇಲೆ ನನಗೆ ಅರ್ಥವಾದ ಮೊದಲ ಮಾತು! "ಇಷ್ಟ ಇಲ್ಲ ಅಂದೋರು ಯಾರಮ್ಮ? ನಿನಗೋಸ್ಕರ ಬೆಳಗಿಂದ ಹಿತ್ತಲು ಗುಡಿಸಿದ್ದೀನಿ. ಒಳಗೆ ಬಾ," ಎಂದು ಕೂಗಿ, ಕೈಸನ್ನೆಯನ್ನೂ ಮಾಡಿದೆ. ಅವಳು ಅಳುತ್ತಲೇ ನಕ್ಕು, ಮಾಸ್ಕು ಸರಿಪಡಿಸಿಕೊಂಡು ಒಳಗೆ ಬಂದಳು.

ನಾನು ಎದೆಯುಬ್ಬಿಸಿ ಹೆಂಡತಿಯತ್ತ ತಿರುಗಿದೆ. "ನೋಡಿದೆಯಾ? 'ಇಷ್ಟ ಇಲ್ವಾ' ಅಂತ ಎಷ್ಟು ಸ್ಪಷ್ಟವಾಗಿ ಕೇಳಿದಳು. ತಪ್ಪು ನಿಮ್ಮ ಮಾಸ್ಕಿಂದು, ನಂದಲ್ಲ."

ಹೆಂಡತಿ ಗಾಜನ್ನು ನೋಡಿದಳು, ಲಾರಿಗಳನ್ನು ನೋಡಿದಳು, ನನ್ನ ಕಿವಿಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ಗಿರಾಕಿಯೊಬ್ಬರ ಕಪ್ಪು ಪ್ಯಾಂಟಿನ ಬಟ್ಟೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಳು:

"ರೀ, ಆ ಲಾರಿ ಗದ್ದಲದಲ್ಲಿ ಅವಳ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು, ಅವಳು ಅಲ್ಲಿಂದ ಹೇಳಿದ್ದು ನಮಗ್ಯಾರಿಗೂ ಒಂದಕ್ಷರ ಕೇಳಿಸಲಿಲ್ಲ."