ಓಡುವವನನ್ನು ಕಂಡರೆ ನಿಲ್ಲುವ ತಿಕೋಟಾ ಬಸ್ಸಿಗೆ

ವಿಜಾಪುರ, ಜನವರಿ ೧೯೭೬

ಮುಂಜಾನೆ ಆರೂವರೆಗೆ ವಿಜಾಪುರ ಬಿಟ್ಟು, ತೊರವಿಯ ಮೇಲೆ ಹಾಯ್ದು ತಿಕೋಟಾಕ್ಕೆ ದಯಮಾಡಿಸುವ ಮಾನ್ಯ ಬಸ್ಸಿನವರೇ,

ತಮ್ಮ ಇಂಜಿನು, ಆರೂ ಗಾಲಿಗಳು ಹಾಗೂ ಹಗ್ಗದಿಂದ ಕಟ್ಟಿದ ಹಿಂದಿನ ಬಾಗಿಲು ಕ್ಷೇಮವೆಂದು ನಂಬಿ, ತೊರವಿ ರಸ್ತೆಯ ದರ್ಜಿ ಅಬ್ದುಲಗನಿ ಮಾಡುವ ಸಲಾಮುಗಳು. ತಮ್ಮಂಥವರ ಮೇಲೆ ದೂರು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ತಮ್ಮ ದಯೆಯನ್ನು ತಾಳಿಕೊಳ್ಳುವುದು ಇನ್ನು ನನ್ನಿಂದಾಗದು ಎನಿಸಿದ್ದರಿಂದ ಈ ಪತ್ರ ಬರೆದು, ಎಲ್ಲರೂ ಓದಲೆಂದು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ.

ವಿಷಯ ಇಷ್ಟೇ. ಬರುವ ಗುರುವಾರ ನನ್ನ ತಾಯಿ ಮಕ್ತುಮಬಿಯವರ ವರ್ಷದ ಫಾತಿಹಾ. ಅವರ ಗೋರಿ ತಿಕೋಟಾದಲ್ಲಿದೆ. ಅಂದು ಇಲ್ಲಿಂದ ಅಲ್ಲಿಯವರೆಗಿನ ಹದಿಮೂರು ಮೈಲಿಯನ್ನು ಎಲ್ಲೂ ನಿಲ್ಲದೆ ಓಡಿ ಮುಟ್ಟಬೇಕೆಂದು ಹಟ ತೊಟ್ಟಿದ್ದೇನೆ. ನನಗೀಗ ನಲವತ್ಮೂರು. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳಿವು. ದಿನವಿಡೀ ಓಡಿಯೂ ಅಂಗಡಿಯ ಹೊಸ್ತಿಲು ದಾಟಿದವಲ್ಲ.

ಆದ್ದರಿಂದ ನಿವೃತ್ತ ಡ್ರಿಲ್ ಮಾಸ್ತರ ಅಮರಪ್ಪನವರ ಶಿಷ್ಯನಾದೆ. "ವಾರಕ್ಕ ಒಂದ ಮೈಲಿ ಏರಸ್ರಿ, ಗನಿಸಾಬ. ಮೂರ ವಾರ ಏರಸ್ರಿ, ನಾಕನೇ ವಾರ ಇಳಸ್ರಿ. ಹುರುಪಿನ್ಯಾಗ ಜಾಸ್ತಿ ಓಡಿದ್ರ ಮೊಣಕಾಲ ಹೋಗ್ತಾವ" ಎಂದು ಅವರು ಅಪ್ಪಣೆ ಕೊಡಿಸಿದರು. ಮೊದಲ ವಾರ ಒಟ್ಟು ಐದು ಮೈಲಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ವಾರವಾರದ ಮೈಲಿಗಳನ್ನು ಅಂಗಡಿಯ ಗೋಡೆಯ ಮೇಲೆ ಗೀಚುತ್ತ, ಏರುತ್ತ, ಇಳಿಯುತ್ತ, ಎಂಟು ತಿಂಗಳಲ್ಲಿ ಇಪ್ಪತ್ತೆರಡಕ್ಕೆ ಬಂದಿದ್ದೇನೆ.

ಇಲ್ಲಿ ತಮ್ಮ ಔದಾರ್ಯದ ಪ್ರವೇಶವಾಗುತ್ತದೆ. ಬಸ್ಸು ತಪ್ಪಿಸಿಕೊಂಡವನ ಹೊರತು ಪ್ರಾಯಕ್ಕೆ ಬಂದ ಬೇರಾವ ಮನುಷ್ಯನೂ ಈ ರಸ್ತೆಯಲ್ಲಿ ಓಡಿದ್ದನ್ನು ತಾವು ಕಂಡಿಲ್ಲವಾದ್ದರಿಂದ, ದಿನವೂ ನನ್ನನ್ನು ದಾಟಿ, ಹತ್ತು ಮಾರು ಮುಂದೆ ಹೋಗಿ, ಧೂಳೆಬ್ಬಿಸಿ ನಿಲ್ಲುತ್ತೀರಿ. ಕಂಡಕ್ಟರ್ ಹಣಮಂತ ಅವರು ಬಾಗಿಲಿನಿಂದ ಬಾಗಿ, "ಲಗೂ ಹತ್ರಿ, ನಿಮ್ಮ ಸಲುವಾಗಿ ನಿಂತೇವಿ" ಎನ್ನುತ್ತಾರೆ. ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನನ್ನ ಚಡ್ಡಿ ನೋಡುತ್ತಾರೆ. ನಾನು ಬಸ್ಸಿಗಾಗಿ ಓಡುತ್ತಿಲ್ಲವೆಂದು ಏದುಸಿರಿನಲ್ಲಿ ವಿವರಿಸುವಷ್ಟರಲ್ಲಿ ಮೈ ತಣ್ಣಗಾಗಿರುತ್ತದೆ. ಮರುದಿನ ಅವರು ಅದನ್ನು ಮರೆತಿರುತ್ತಾರೆಂದಲ್ಲ. ಇವತ್ತಾದರೂ ನನಗೆ ಬುದ್ಧಿ ಬಂದಿರಬಹುದೆಂಬ ನಂಬಿಕೆ ಅವರದು.

ಹೋದ ತಿಂಗಳಂತೂ ಮೊಸರು ಮಾರುವ ಗುರುಸಿದ್ದವ್ವಜ್ಜಿ ಕೆಳಗಿಳಿದೇ ಬಂದು, "ಯಪ್ಪಾ, ಮನ್ಯಾಗ ಏನ ಆಗೇತೋ ಏನೋ, ಹಿಂಗ ಓಡಾಕತ್ತಿ! ಹತ್ತೋ, ಟಿಕೇಟ ನಾ ತಗಿತೀನಿ" ಎಂದು ರಟ್ಟೆ ಹಿಡಿದು ಹತ್ತಿಸಿಯೇ ಬಿಟ್ಟಳು. ಹಿರಿಯರ ಮಾತು ಮೀರಲಾರದೆ ತೊರವಿಯವರೆಗೆ ಕೂತು ಹೋದೆ. ಗಾಡಿ ಹತ್ತಿದ ವಾರ ವಾರವೇ ಅಲ್ಲವೆಂದು ಅಮರಪ್ಪನವರು ಗೋಡೆಯ ಮೇಲಿದ್ದ ಹತ್ತೊಂಬತ್ತನ್ನು ಅಂಗೈಯಿಂದ ಒರೆಸಿ, ಮತ್ತೆ ಓಡಿಸಿದರು. ಬಳಿಕ ನಾನು ಬನಿಯನ್ನಿನ ಬೆನ್ನಿಗೆ ಕೆಂಪು ದಾರದಲ್ಲಿ 'ಬಸ್ಸು ತಪ್ಪಿಲ್ಲ' ಎಂದು ಹೊಲಿದುಕೊಂಡೆ. ಅದನ್ನು ಓದಲೆಂದು ತಾವು ನಿಂತಿರಿ.

ಇಂಥ ಕರುಣೆ ಬೇರೆ ಊರಿನ ಬಸ್ಸುಗಳಿಗೂ ಬರಲಿ, ಬಬಲೇಶ್ವರದ ಬಸ್ಸಿಗಂತೂ ಆದಷ್ಟು ಬೇಗ ಬರಲಿ. ಆದರೂ ನನ್ನ ಕೆಲವು ವಿನಂತಿಗಳಿವೆ. ನನ್ನನ್ನು ಕಂಡಾಗ ತಾವು ಕಣ್ಣು ಮುಚ್ಚಿ ನಡೆಯಬೇಕು. ತಮ್ಮ ಎರಡೂ ದೀಪಗಳ ಅಳತೆ ಕೊಟ್ಟರೆ ಖಾಕಿ ಬಟ್ಟೆಯ ಮುಸುಕು ಹೊಲಿದು, ಗುಂಡಿ ಹಚ್ಚಿ ಕೊಡುತ್ತೇನೆ. ಅದಾಗದಿದ್ದರೆ ಜೋಳದ ಹೊಲಗಳ ಮೇಲೆ ಹಾರಿ ಹೋಗಬೇಕು. ಅದೂ ಆಗದಿದ್ದರೆ ತಾವೂ ವಾರಕ್ಕೊಂದು ಮೈಲಿಯಂತೆ ಏರಿಸಿಕೊಳ್ಳುತ್ತ, ಎಂಟು ತಿಂಗಳಿಗೆ ತಿಕೋಟಾ ಮುಟ್ಟುವ ಅಭ್ಯಾಸ ಇಟ್ಟುಕೊಳ್ಳಬೇಕು.

ಓಡುವವರಿಗೆಲ್ಲ ಹೀಗೇಕೆ ನಿಲ್ಲಿಸುತ್ತೀರೆಂದು ಮೊನ್ನೆ ಹಣಮಂತ ಅವರನ್ನೇ ಕೇಳಿದೆ. ಅವರ ಮುಖ ಸಣ್ಣದಾಯಿತು. "ಹ್ವಾದ ವರ್ಷ ಇದೇ ರಸ್ತಾದಾಗ ಒಬ್ಬಾಂವ ಕೈ ಎತ್ತಿ ಬೆನ್ನ ಹತ್ತಿ ಓಡಿ ಬಂದಿದ್ದರಿ. ಹೊತ್ತಾಗೇತಂತ ನಾ ಸೀಟಿ ಹೊಡದ ಬಿಟ್ಟೆ. ಆಮ್ಯಾಲೆ ಗೊತ್ತಾತು, ಅವನ ತಾಯಿ ತೀರಿದ್ದಳಂತ, ಮಣ್ಣಿಗೂ ಸಿಗಲಿಲ್ಲಂತ. ಅವತ್ತಿಂದ ಯಾರ ಓಡಿದ್ರೂ ನಾ ಬಿಟ್ಟ ಹೋಗಾಂಗಿಲ್ರಿ."

ಬಸ್ಸಿನವರೇ, ಆ ಒಬ್ಬಾಂವ ನಾನೇ ಎಂಬುದು ಅವರಿಗೆ ಗೊತ್ತಿಲ್ಲ, ತಮಗೆ ಗೊತ್ತಿದೆ. ಈ ಕಾಗದ ಓದಿ ಅವರಿಗೂ ಗೊತ್ತಾದರೆ ಆಗಲಿ. ಅಂದು ತಮ್ಮ ಹಿಂದೆ ಎರಡು ಫರ್ಲಾಂಗು ಓಡುವಷ್ಟರಲ್ಲಿ ಉಸಿರು ಕಟ್ಟಿ ಕುಸಿದೆ. ಎದ್ದು, ಕಾಲೆಳೆದುಕೊಂಡು ತೊರವಿಗೆ ಹೋಗಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ತಿಕೋಟಾ ಮುಟ್ಟಿದಾಗ, ಗೋರಿಯ ಮೇಲೆ ನೀರು ಚಿಮುಕಿಸಿ ಎಲ್ಲರೂ ಮನೆಗೆ ಮರಳಿದ್ದರು. ತಾಯಿಯ ಮುಖ ನನಗೆ ಸಿಗಲಿಲ್ಲ. ತಮ್ಮ ಮೇಲೆ ಸಿಟ್ಟಿರಲಿಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಹೆಚ್ಚಿನ ಸಿಟ್ಟು ಎರಡು ಫರ್ಲಾಂಗಿಗೇ ಸೋತ ಈ ಕಾಲುಗಳ ಮೇಲಿತ್ತು.

ಆದ್ದರಿಂದ ಗುರುವಾರ ತಾವು ನನ್ನನ್ನು ಹಿಂದೆ ಹಾಕಿ, ಹೋದ ವರ್ಷ ಹೋದ ಹಾಗೆಯೇ ತಿರುಗಿ ನೋಡದೆ ಹೋಗಬೇಕೆಂದು ಕೈಮುಗಿದು ಬೇಡುತ್ತೇನೆ. ಅಂದು ಅಷ್ಟು ಸಲೀಸಾಗಿ ಮಾಡಿದ ಕೆಲಸ ತಮಗೆ ಈಗ ಕಷ್ಟವಾಗಲಾರದು.

ನಿಂತಿದ್ದಕ್ಕೂ ನಿಲ್ಲದಿದ್ದಕ್ಕೂ ಋಣಿಯಾದ,
ತಮ್ಮ ವಿಶ್ವಾಸಿ,
ಅಬ್ದುಲಗನಿ, ದರ್ಜಿ

ತಾ.ಕ.: ಗುರುವಾರ ಸಂಜೆ ಮರಳಲು ತಿಕೋಟಾದ ರಸ್ತೆಯ ಬದಿಗೆ ಕೈ ಎತ್ತಿ ನಿಂತಿರುತ್ತೇನೆ, ಓಡುವುದಿಲ್ಲ. ಕೈ ಎತ್ತಿದಾಗ ತಾವು ನನಗಾಗಿ ನಿಂತದ್ದು ಈವರೆಗೆ ಒಮ್ಮೆಯೂ ಇಲ್ಲ. ಅಂದು ಅದೂ ಆಗಿಬಿಡಲಿ.